ಮುಂಜಾನೆ ಒಂಬತ್ತೂವರೆಯ ಚುಕ್ಕಿ

ನವೆಂಬರ್ ನಾಲ್ಕು, ಮಂಗಳವಾರ, ಮುಂಜಾನೆ ಒಂಬತ್ತೂವರೆ. ಬಿಸಿಲು ಆಗಲೇ ಅಂಗಡಿಯ ಮೆಟ್ಟಿಲು ಹತ್ತಿ ಕೂತಿತ್ತು. ಧೀರೇಂದ್ರನ ಮೊಬೈಲು ಟಿಣ್ ಎಂದಿತು. ಅವನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಮೂನ್ ನಿಯರ್ ಜುಪಿಟರ್. ಲುಕ್ ನೌ.

“ಲುಕ್ ನೌ ಅಂತ! ನಾ ಇಲ್ಲಿ ಖಾಲಿ ಕುಂತೀನಲ್ಲ!”

ಮುಂದಿನ ಮೇಜಿನ ಮೇಲೆ ಯಾರದೋ ಫೋನು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಸ್ಕ್ರೂಗಳು ಸೋಡಾ ಬಾಟಲಿಯ ಮುಚ್ಚಳದಲ್ಲಿದ್ದವು. ಚಿತ್ತಾಪುರದ ಬಸ್‌ಸ್ಟ್ಯಾಂಡ್ ರಸ್ತೆಯ ಆ ಅಂಗಡಿಯಲ್ಲಿ ಮುಂದೆ ಮೊಬೈಲ್ ರಿಪೇರಿ, ಹಿಂದೆ ಪರದೆಯಾಚೆ ಎರಡು ಕಂಪ್ಯೂಟರು. ಆ ಎರಡರಲ್ಲೊಂದರ ಮುಂದೆ ಹತ್ತು ದಿನದ ಹಿಂದೆ ಬಂದು ಕೂತವಳು ಪ್ರಮಿತಾ, ಹೈಸ್ಕೂಲಿಗೆ ಹೊಸದಾಗಿ ಬಂದ ವಿಜ್ಞಾನದ ಟೀಚರು, ರಾಯರ ಮಠದ ಪಾಂಡುರಂಗಾಚಾರ್ಯರ ಮಗಳು. ಇಂಟರ್ನೆಟ್ಟಿನಲ್ಲಿ ಒಂದು ಕ್ಯಾಲೆಂಡರ್ ಇರುತ್ತದಂತೆ. ಅದರಲ್ಲಿ ತಾರೀಖು, ಟೈಮು ಬರೆದಿಟ್ಟರೆ ಆ ಹೊತ್ತಿಗೆ ಮೊಬೈಲಿಗೆ ಮೆಸೇಜು ಬರುತ್ತದಂತೆ. ಯಾವ ಸಂಜೆ ಚಂದ್ರನ ಪಕ್ಕ ಯಾವ ಗ್ರಹ, ಯಾವ ರಾತ್ರಿ ಉಲ್ಕೆ, ಎಲ್ಲವನ್ನೂ ಅವಳು ಅದರಲ್ಲಿ ತುಂಬಿದ್ದಳು.

“ಮೊಬೈಲ್ ನಂಬರ್ ಹಾಕ್ರಿ ಟೀಚರ್,” ಎಂದಿದ್ದ ಇವನು.

“ನನ್ನ ಹತ್ರ ಮೊಬೈಲ್ ಇಲ್ರಿ. ನಿಮ್ಮದೇ ಹಾಕ್ಲಾ? ಮೆಸೇಜ್ ಬಂದ ಕೂಡ್ಲೆ ನಮ್ಮ ಮನಿ ಫೋನಿಗಿ ಹೇಳಿ ಬಿಡ್ರಿ. ನನಗ ಮರಿವು ಭಾಳ.”

“ನಾ ಏನ್ ಆಕಾಶದ ಪೋಸ್ಟ್‌ಮ್ಯಾನ್ ಇದ್ದೀನೇನ್ರಿ?”

ಅವಳು ನಕ್ಕಿರಲಿಲ್ಲ. ಕಣ್ಣು ಮಾತ್ರ ಒಮ್ಮೆ ಎತ್ತಿ, ಅವನ ಮೂಗಿನ ತುದಿಯಲ್ಲಿ ಕೂತಿದ್ದ ಸಿಟ್ಟನ್ನು ಚೆನ್ನಾಗಿ ನೋಡಿ, ಮತ್ತೆ ಕೀಬೋರ್ಡಿಗೆ ಇಳಿಸಿದ್ದಳು. ಆ ನೋಟವೇ ಎಲ್ಲ ಕೆಡಿಸಿದ್ದು. ಇಲ್ಲದಿದ್ದರೆ ಯಾರು ಒಪ್ಪುತ್ತಿದ್ದರು ಈ ಉಸಾಬರಿಗೆ?

ಈಗ ಧೀರೇಂದ್ರ ಪ್ರಮಿತಾಳ ಮನೆಗೆ ಫೋನು ಹಚ್ಚಿದ. ಆಚಾರ್ಯರು ಎತ್ತಿ, “ಸಾಲಿಗಿ ಹೋಗ್ಯಾಳಪ್ಪ” ಎಂದು ಇಟ್ಟುಬಿಟ್ಟರು. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವುದು ಅವನ ಜಾಯಮಾನವಲ್ಲ. ಮೆಸೇಜನ್ನು ಒಂದು ಚೀಟಿಗೆ ಇಳಿಸಿಕೊಂಡು, ಶಟರ್ ಅರ್ಧ ಎಳೆದು, ಸೈಕಲ್ ಹತ್ತಿದ.

ಶಾಲೆಯ ಗೇಟಿನಲ್ಲಿ ಸಿಪಾಯಿ ಸರ್ದಾರ ಹಲ್ಲು ಕಿರಿದ. “ಏನೋ ಧೀರ್ಯಾ, ಸಾಲಿ ಬಿಟ್ಟು ಒಂಬತ್ತು ವರ್ಷಕ್ಕ ನೆನಪಾತೇನು?”

“ಸುಮ್ನ ಕುಂದ್ರು ಚಾಚಾ. ತಲಿ ಕೆಟ್ಟದ.”

ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಿದ್ದರು. ಪ್ರಮಿತಾ ಟೀಚರು ವರಾಂಡದಲ್ಲಿದ್ದಳು. ಇವನು ನೇರ ಹೋಗಿ, ಏದುಸಿರಿನಲ್ಲೇ ಹೇಳಿದ: “ಟೀಚರ್, ಈಗ ನೋಡಬೇಕಂತ್ರಿ. ಚಂದ್ರನ ಬಾಜೂಕ ಜುಪಿಟರ್ ಬಂದದಂತ.”

ಮುಂದಿನ ಸಾಲಿನ ಹುಡುಗನೊಬ್ಬ ತಲೆ ಎತ್ತಿ ಸುಡುವ ಸೂರ್ಯನನ್ನು ನೋಡಿದ. ಅವನ ಹಿಂದಿನವನು ನೋಡಿದ. ಆಮೇಲೆ ಇಡೀ ಸಾಲು ನಕ್ಕಿತು.

“ಅದು ನಿನ್ನಿ ಸಂಜಿ ಎಂಟರದು,” ಎಂದಳು ಪ್ರಮಿತಾ. ಅವಳಿಗೂ ಸಿಟ್ಟು ಬಂದಿತ್ತು. “ಫೋನಿನ ಮುಂದ ಕುಂತು ಹಾದಿ ಕಾಯ್ದೆ. ಅವ್ವ ಊಟಕ್ಕ ಕರದ್ರೂ ಏಳಲಿಲ್ಲ. ನೀವು ಈಗ ಬರ್ತೀರಿ?”

“ಮೆಸೇಜ್ ಈಗ ಬಂದ್ರ ನಾ ಏನ್ ಮಾಡ್ಲಿ? ನೀವೇ ಟೈಮ್ ತಪ್ಪು ಹೊಡದೀರಿ.”

“ನಾ ಸರಿ ಹೊಡದೀನಿ. ನಿಮ್ಮ ಮಷೀನ್ ಕೆಟ್ಟದ.”

“ನನ್ನ ಮಷೀನಿಗಿ ಏನೂ ಆಗಿಲ್ಲ!”

ಚೀಟಿಯನ್ನು ಅವಳ ಕೈಗೆ ತುರುಕಿ ಹೊರಟ. ಗೇಟು ದಾಟುವಾಗ ಯಾಕೋ ತಿರುಗಿ ನೋಡಿದ. ಅವಳು ಆ ಚೀಟಿಯನ್ನು ಎರಡು ಸಲ ಮಡಚಿ ಪುಸ್ತಕದೊಳಗೆ ಇಡುತ್ತಿದ್ದಳು. ಹರಿದು ಬಿಸಾಡಬಾರದೇ? ಅದಕ್ಕೂ ಅವನಿಗೆ ಸಿಟ್ಟು ಬಂತು.

ಎರಡನೇ ಸಲ ಇನ್ನೂ ಘನವಾಯಿತು. ಕಾರ್ತೀಕ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಹತ್ತಿರ ಬಂದ ಸುದ್ದಿ ಮರುದಿನ ಮುಂಜಾನೆ ಒಂಬತ್ತೂವರೆಗೆ ಬಂತು. ಮರುದಿನವೆಂದರೆ ನವೆಂಬರ್ ಹದಿನಾಲ್ಕು, ಮಕ್ಕಳ ದಿನ. ಮೈದಾನದಲ್ಲಿ ಶಾಮಿಯಾನ, ಕುರ್ಚಿಗಳಲ್ಲಿ ತಾಯಿ ತಂದೆಯರು, ಮೈಕಿನ ಮುಂದೆ ಹೆಡ್‌ಮಾಸ್ತರ ಗುರುಲಿಂಗಯ್ಯನವರು. ಧೀರೇಂದ್ರ ಚೀಟಿ ಹಿಡಿದು ಬದಿಯಿಂದ ನುಸುಳುವುದನ್ನು ಕಂಡು ಅವರು ಮೈಕಿನಲ್ಲೇ ಕೇಳಿದರು: “ಏನಪ್ಪ, ಇವತ್ತ ಯಾವ ಗ್ರಹ?”

ಶಾಮಿಯಾನವೆಲ್ಲ ನಕ್ಕಿತು.

ಆ ನಗು ಅವನಿಗೆ ಹೊಸದಲ್ಲ. ಇದೇ ಶಾಲೆಯ ಒಂಬತ್ತನೇ ಇಯತ್ತೆಯಲ್ಲಿ ಗಣಿತದ ಮಾಸ್ತರರೊಬ್ಬರು ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಬಾರದ ಲೆಕ್ಕವನ್ನೇ ಮತ್ತೆ ಮತ್ತೆ ಹಾಕಿಸಿ, ಇಡೀ ವರ್ಗವನ್ನು ನಗಿಸಿದ್ದರು. ಅವನು ಸೀಮೆಸುಣ್ಣದ ಖಡು ಕೆಳಗಿಟ್ಟು, ಪಾಟೀಚೀಲವನ್ನೂ ತೆಗೆದುಕೊಳ್ಳದೆ ಹೊರಗೆ ಬಂದಿದ್ದ. ಮತ್ತೆ ಒಳಗೆ ಹೋಗಿರಲಿಲ್ಲ. ಅವ್ವ ಸುಮಿತ್ರಾಬಾಯಿ ಅತ್ತರೂ ಹೋಗಿರಲಿಲ್ಲ. ಈಗ ಯಾರದೋ ಮಗಳ ಚುಕ್ಕಿ ಹೊತ್ತುಕೊಂಡು ಅದೇ ನಗುವಿನ ನಡುವೆ ನಿಂತಿದ್ದ.

“ಇನ್ನ ನಾ ಬರಂಗಿಲ್ಲ,” ಎಂದ ಪ್ರಮಿತಾಗೆ. “ನಂಬರ್ ತೆಗೀರಿ.”

“ಈ ತಿಂಗಳು ಮುಗಿಯೋತನ ಬರ್ರಿ,” ಎಂದಳು ಅವಳು. ಇಂದು ಅವಳ ದನಿಯಲ್ಲಿ ಜಗಳವಿರಲಿಲ್ಲ. ಮೈಕಿನ ಕಡೆ ನೋಡಿದ ಕಣ್ಣು ಕೆಂಪಾಗಿತ್ತು. “ಆ ನಗು ನನಗೂ ಸೇರಲಿಲ್ರಿ.”

ಅಷ್ಟಕ್ಕೇ ಇವನು ಕರಗಿದ. ಕರಗಿದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಆ ಭಾನುವಾರ ಅವಳು ಅಂಗಡಿಗೆ ಬಂದು ಕಂಪ್ಯೂಟರ್ ಮುಂದೆ ಒಂದು ತಾಸು ಕೂತಳು. ಇವನು ಚಹಾ ತಂದಾಗ ಪರದೆಗೆ ಅಂಗೈ ಅಡ್ಡ ಹಿಡಿದಳು.

“ಏನ್ ಬರದೀರಿ?”

“ಆಕಾಶದ್ದು ನಿಮಗ್ಯಾಕ? ಪೋಸ್ಟ್‌ಮ್ಯಾನ್ ಪತ್ರ ಒಡದು ಓದ್ತಾನೇನು?”

ಮೂರನೇ ಸಲ, ನಾಲ್ಕನೇ ಸಲ. ಪ್ರತಿ ಸಲ ಒಂಬತ್ತೂವರೆಗೆ ಟಿಣ್. ಪ್ರತಿ ಸಲ ಬೈಯುತ್ತ ಹೋಗುತ್ತಿದ್ದ, ಆದರೆ ಹೋಗುವ ಮುಂಚೆ ತಲೆ ಬಾಚಿಕೊಳ್ಳಲು ಶುರುಮಾಡಿದ್ದ. ಎದುರಿನ ಬಂಡಿಯಲ್ಲಿ ಮಿರ್ಚಿ ಭಜಿ ಕರಿಯುವ ಲಾಲಮ್ಮ ಅದನ್ನು ಬಿಡುತ್ತಾಳೆಯೇ? “ಏ ಧೀರ್ಯಾ, ಚಂದ್ರಗ ತೋರ್ಸಾಕ ಪೌಡರ್ ಯಾಕೋ?” ಶಾಲೆಯಲ್ಲಿ ಪ್ರಮಿತಾ ವರಾಂಡದ ಅದೇ ಕಂಬಕ್ಕೆ ಒರಗಿ, ಗೇಟಿನ ಕಡೆಗೇ ಮುಖ ಮಾಡಿ ನಿಂತಿರುತ್ತಿದ್ದಳು. ಚೀಟಿ ತೆಗೆದುಕೊಳ್ಳುವಾಗ ಬೆರಳು ತಾಗದಂತೆ ಅವಳು ಅಷ್ಟು ಜೋಪಾನ ಮಾಡುತ್ತಿದ್ದಳಲ್ಲ, ಆ ಜೋಪಾನವೇ ಅವನಿಗೆ ದಿನವಿಡೀ ತಾಗುತ್ತಿತ್ತು.

ಇಪ್ಪತ್ತೆಂಟನೇ ತಾರೀಖು ವಾಡಿಯಿಂದ ಬಂದ ರೈಲ್ವೆಯವನೊಬ್ಬ ಟಿಕೆಟ್ ತೆಗೆಯಲು ಕೂತ. ಕೂತವನು ಕೂಗಿದ: “ಏನಪ್ಪ, ನಿನ್ನ ಕಂಪ್ಯೂಟರ್ ಅಮೆರಿಕಾದಾಗ ಅದಲ್ಲ!”

ಹೌದು, ಅಮೆರಿಕಾದಲ್ಲೇ ಇತ್ತು. ಕಂಪ್ಯೂಟರ್ ಕೂಡಿಸಿದ ದಿನ, ಅದಕ್ಕೆ ಹಾಕಿದ ಕಾಪಿ ಸಿಡಿ ಪರದೆಯ ಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲ ಇವನು ‘ನೆಕ್ಸ್ಟ್’ ಒತ್ತಿದ್ದ. ಗಡಿಯಾರದ ಮುಳ್ಳನ್ನೇನೋ ಕೈಯಿಂದ ಚಿತ್ತಾಪುರಕ್ಕೆ ತಿರುಗಿಸಿದ್ದ. ಆದರೆ ದೇಶ ಬದಲಿಸಿರಲಿಲ್ಲ. ಅವಳು ಸಂಜೆ ಎಂಟು ಎಂದು ಬರೆದರೆ ಕ್ಯಾಲೆಂಡರು ಅಮೆರಿಕಾದ ಸಂಜೆ ಎಂಟು ಎಂದುಕೊಳ್ಳುತ್ತಿತ್ತು. ಅದು ಇಲ್ಲಿ ಮರುದಿನ ಮುಂಜಾನೆ ಒಂಬತ್ತೂವರೆ.

ತಪ್ಪು ತನ್ನದೇ. ನಾಚಿಕೆಯಾಯಿತು. ಟೀಚರಿಗೆ ಹೇಳಿ ಕ್ಷಮೆ ಕೇಳಬೇಕು ಎಂದುಕೊಳ್ಳುತ್ತ, ಅವಳು ಲಾಗೌಟ್ ಮಾಡದೆ ಬಿಟ್ಟುಹೋಗಿದ್ದ ಕ್ಯಾಲೆಂಡರು ತೆರೆದ. ಡಿಸೆಂಬರಿನ ಐದು ಮನೆಗಳಲ್ಲಿ ‘ಸಂಜೆ ಎಂಟು’ ಎಂದಿತ್ತು. ಒಂದನೇ ತಾರೀಖಿನ ಮನೆಯಲ್ಲಿ ಮಾತ್ರ ‘ಮುಂಜಾನೆ ಐದು’. ಸಣ್ಣ ಮನೆಯಾದ್ದರಿಂದ ಬರಹದ ಮೊದಲ ಶಬ್ದವಷ್ಟೇ ಕಾಣುತ್ತಿತ್ತು: ಚಂದ್ರ.

ದೇಶ ಬದಲಿಸಿ ಒತ್ತಿದ. ಎಂಟು ಎಂದಿದ್ದವೆಲ್ಲ ಟಪಟಪನೆ ಮರುದಿನದ ಮುಂಜಾನೆ ಒಂಬತ್ತೂವರೆಗೆ ಹಾರಿದವು. ಆ ಒಂದು ಮಾತ್ರ ತನ್ನ ತಾರೀಖಿನಲ್ಲೇ, ಸಂಜೆ ಆರೂವರೆಗೆ ಬಂದು ನಿಂತಿತು.

ಅಂದರೆ ಅವಳಿಗೆ ಗೊತ್ತಿತ್ತು. ಲೆಕ್ಕ ಹಾಕಿ, ಹಿಂದಕ್ಕೆ ಎಣಿಸಿ ಬರೆದಿದ್ದಳು. ಗೊತ್ತಿದ್ದೂ ಉಳಿದ ದಿನ ತನ್ನನ್ನು ಸುಡುಬಿಸಿಲಲ್ಲಿ ಓಡಿಸಿದ್ದಳು.

ಮರುದಿನ ಶನಿವಾರ. ಚೀಟಿಯಿಲ್ಲದೆ ಶಾಲೆಗೆ ಹೋದ.

“ನಿಮಗ ಟೈಮಿನ ತಪ್ಪು ಗೊತ್ತಿತ್ತು.”

ಅವಳ ಮುಖ ಬಿಳುಪೇರಿತು. “ಹೌದ್ರಿ.”

“ಎಂದಿನಿಂದ?”

“ಮಕ್ಕಳ ದಿನದ ಸಂಜಿ ಲೆಕ್ಕ ಹಾಕ್ದೆ. ಹದಿಮೂರೂವರಿ ತಾಸು.”

“ಲೆಕ್ಕ ಬರ್ತದ ನಿಮಗ. ನನಗ ಬರಂಗಿಲ್ಲ. ಅದಕ್ಕ ನೋಡ್ರಿ ಇದೇ ಸಾಲ್ಯಾಗ ಒಬ್ಬ ಮಾಸ್ತರ ನನಗ ಹುಚ್ಚ ಮಾಡಿ ನಗಿಸಿದ. ಈಗ ನೀವು. ಓದಲಾರದವ ಅಂದ್ರ ಎಲ್ಲಾರಿಗೂ ಆಟದ ಸಾಮಾನು!”

“ಧೀರೇಂದ್ರ, ಹಂಗಲ್ರಿ...”

“ಹಂಗೇ!”

“ಸೋಮವಾರದ ಮೆಸೇಜ್ ಬಂದಾಗಾದ್ರೂ ಓದ್ರಿ.”

“ಬಂದ ಕೂಡ್ಲೆ ಅಳಿಸಿ ಬಿಡ್ತೀನಿ.”

ಎರಡು ದಿನ ಅಂಗಡಿಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಯಾರದೋ ಫೋನಿನ ಸ್ಕ್ರೂ ಇನ್ಯಾರದಕ್ಕೋ ಹಾಕಿದ. ಅವಳ ಮೇಲೆ ಸಿಟ್ಟೋ, ನಾಳೆಯಿಂದ ಒಂಬತ್ತೂವರೆಗೆ ಹೋಗುವ ಜಾಗವಿಲ್ಲವೆಂಬ ಸಂಕಟವೋ, ಬಿಡಿಸಿ ನೋಡಲು ಹೋದರೆ ಮತ್ತೆ ಸಿಟ್ಟೇ ಬರುತ್ತಿತ್ತು.

ಸೋಮವಾರ ಸಂಜೆ ಆರೂವರೆ. ಟಿಣ್.

ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಒತ್ತಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. ಕೂಡಿಸಿ ಕೂಡಿಸಿ ಓದಬೇಕಾಯಿತು:

‘ಚಂದ್ರ, ಶುಕ್ರ, ಗುರು. ಇವತ್ತ ಸರಿ ಟೈಮಿಗಿ ಬಂದದ. ನಿಮಗ ಹೇಳಲಾರದ ತಪ್ಪು ಮಾಡೀನಿ. ಶಟರ್ ಹಾಕಿ ಸಾಲಿ ಮಾಳಿಗಿ ಮ್ಯಾಲ ಬರ್ರಿ. ಬಂದು ಬೈರಿ.’

ಅವನು ಎರಡನೇ ಸಲ ಓದಿದ. ಇದನ್ನು ಅವಳು ಬರೆದದ್ದು ನಿನ್ನೆ ಮೊನ್ನೆಯಲ್ಲ. ಅಂಗೈ ಅಡ್ಡ ಹಿಡಿದು ಕೂತಿದ್ದಳಲ್ಲ, ಆ ಭಾನುವಾರ. ತಾನು ಜಗಳ ತೆಗೆಯುವುದಕ್ಕೆ ಎರಡು ವಾರ ಮೊದಲೇ ತಪ್ಪೊಪ್ಪಿಕೊಂಡು, ತಾರೀಖು ಹಾಕಿ ಇಟ್ಟಿದ್ದಳು.

“ಏ ಧೀರ್ಯಾ!” ಲಾಲಮ್ಮ ಭಜಿ ತೆಗೆಯುವ ಝಾರಿಯನ್ನು ಆಕಾಶಕ್ಕೆ ಎತ್ತಿ ಕೂಗಿದಳು. “ಮ್ಯಾಲ ನೋಡೋ, ಮ್ಯಾಲ!”

ಅವನು ನೋಡಲಿಲ್ಲ. ಶಟರ್ ಎಳೆದ ಸದ್ದಿಗೆ ಬೀದಿ ಬೆಚ್ಚಿತು.

ಶಾಲೆಯ ಮಾಳಿಗೆಗೆ ಶಹಾಬಾದಿ ಪರಸಿಕಲ್ಲು ಹಾಸಿತ್ತು. ಹಗಲಿನ ಬಿಸಿಲು ಅದರಲ್ಲಿನ್ನೂ ಬೆಚ್ಚಗಿತ್ತು. ಒಂದು ಬದಿಯಲ್ಲಿ ಮಕ್ಕಳು, ಗುರುಲಿಂಗಯ್ಯನವರು, ಸರ್ದಾರ ಚಾಚಾ, ಎಲ್ಲರೂ ಕತ್ತು ಎತ್ತಿ ನಿಂತಿದ್ದರು. ಈ ಬದಿಯ ಕಟ್ಟೆಯ ಹತ್ತಿರ ಪ್ರಮಿತಾ ಒಬ್ಬಳೇ, ಮೆಟ್ಟಿಲ ಕಡೆ ಮುಖ ಮಾಡಿಕೊಂಡು ನಿಂತಿದ್ದಳು. ಆಕಾಶದ ಕಡೆ ಬೆನ್ನು.

“ಬೈರಿ,” ಎಂದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲೋ ಉದುರಿಹೋಗಿತ್ತು. “ಯಾಕ ಹೇಳಲಿಲ್ಲ?” ಎಂದಷ್ಟೇ ಕೇಳಲಾಯಿತು.

“ಹೇಳಿದ್ರ ನೀವು ಸರಿ ಮಾಡ್ತಿದ್ರಿ. ಮೆಸೇಜ್ ಸಂಜಿ ಎಂಟಕ್ಕ ಬರ್ತಿತ್ತು. ನೀವು ಮನಿಗಿ ಫೋನ್ ಹಚ್ತಿದ್ರಿ. ಅಪ್ಪ ಎತ್ತಿ ‘ಆತಪ್ಪ, ಹೇಳ್ತೀನಿ’ ಅಂತಿದ್ರು. ಮುಗೀತು.” ಅವಳ ದನಿ ಸಣ್ಣದಾಯಿತು. “ನಿಮ್ಮ ಮಾರಿ ನಾ ಯಾವಾಗ ನೋಡ್ಬೇಕ್ರಿ?”

ಧೀರೇಂದ್ರನಿಗೆ ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ಸಿಟ್ಟು ಎಲ್ಲಿಟ್ಟಿದ್ದೇನೆಂದು ಹುಡುಕಬೇಕಾಯಿತು.

“ಎಲ್ಲಾರೂ ನಕ್ಕರಲ್ರಿ...”

“ಅದೊಂದು ನನ್ನ ತಪ್ಪು. ಅದಕ್ಕ ಎಷ್ಟು ಬೈದ್ರೂ ಕೇಳ್ತೀನಿ. ಗುರುಲಿಂಗಯ್ಯ ಸರ್‌ಗೂ ಹೇಳೀನಿ, ಇನ್ನೊಮ್ಮೆ ಮೈಕಿನಾಗ ಹಂಗಂದ್ರ ನಾನೇ ಸಾಲಿ ಬಿಡ್ತೀನಂತ.” ಅವಳು ಮುಷ್ಟಿ ಬಿಚ್ಚಿದಳು. ಅದರಲ್ಲಿ ನಾಲ್ಕು ಚೀಟಿಗಳಿದ್ದವು, ಎರಡೆರಡು ಸಲ ಮಡಚಿದವು, ಅವನ ಸೊಟ್ಟ ಅಕ್ಷರದವು. “ಇವು ಮಾತ್ರ ವಾಪಸ್ ಕೇಳಬ್ಯಾಡ್ರಿ.”

ಆಚೆ ಬದಿಯಿಂದ ಮಕ್ಕಳು ಒಂದೇ ಸಮನೆ ಕೂಗಿದರು: “ನಗಾಕತ್ತದ! ಟೀಚರ್, ಆಕಾಶ ನಗಾಕತ್ತದ!”

ಆಗ ಇಬ್ಬರೂ ತಿರುಗಿ ನೋಡಿದರು. ಸಂಜೆಯ ಆಕಾಶದಲ್ಲಿ ಎರಡು ಗ್ರಹ, ಒಂದು ದೊಡ್ಡ ಕಣ್ಣು, ಒಂದು ಸಣ್ಣ ಕಣ್ಣು. ಅವುಗಳ ಕೆಳಗೆ ತುಸು ಓರೆಯಾಗಿ ಎಳೆಚಂದ್ರನ ತುಟಿ. ಇಷ್ಟು ಹತ್ತಿರದ ನಗು ಧೀರೇಂದ್ರ ಈ ಶಾಲೆಯಲ್ಲಿ ಎಂದೂ ಕಂಡಿರಲಿಲ್ಲ. ಅದು ಯಾರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ ನಗುವ ನಗುವಾಗಿರಲಿಲ್ಲ.

“ಜುಪಿಟರ್ ಯಾವುದ್ರಿ?” ಕೇಳಿದ.

“ಬಲಗಡಿದು. ಸಣ್ಣದು.”

“ಇದರ ಸಲುವಾಗಿ ನಾ ಅಷ್ಟು ಓಡೀನೇನು?”

ಅವಳು ನಕ್ಕಳು. ಕೊನೆಗೂ ನಕ್ಕಳು. “ಸಿಟ್ಟು ಹೋತೇನ್ರಿ?”

“ಇಲ್ಲ.”

“ಎಷ್ಟು ದಿನ ಇರ್ತದ?”

“ನೀವು ಇರೋತನ.”

ಅವಳು ತಲೆ ತಗ್ಗಿಸಿದಳು. ಪರಸಿಯ ಮೇಲೆ ಕಾಲಿನ ಹೆಬ್ಬೆರಳಿಂದ ಏನೋ ಬರೆದಳು, ಏನೋ ಅಳಿಸಿದಳು. ಆಮೇಲೆ ಟೀಚರಿನ ದನಿ ತಂದುಕೊಂಡು ಕೇಳಿದಳು: “ಟೈಮ್ ಸರಿ ಮಾಡಿರ್ಬೇಕಲ್ರಿ, ಇನ್ನ ಡಿಸೆಂಬರದ ಮೆಸೇಜ್ ಸಂಜಿಗೇ ಬರ್ತಾವೇನು?”

“ಇಲ್ರಿ. ನೀವು ಮೊದಲ ಬರದಿದ್ದು ಐದು ಅವ. ಅವೆಲ್ಲ ಮುಂಜಾನಿ ಒಂಬತ್ತೂವರಿಗೇ ಹೋಗಿ ಕುಂತಾವ.”

“ಅವನ್ನೂ ತಿದ್ದಬೇಕಲ್ರಿ?”

ಧೀರೇಂದ್ರ ಅವಳ ಕಡೆ ನೋಡಲಿಲ್ಲ. ಆ ಸಣ್ಣ ಗ್ರಹವನ್ನೇ ನೋಡುತ್ತ, ಗಂಟು ಹಾಕಿದ ಹುಬ್ಬು ಸಡಿಲಿಸದೆ ಹೇಳಿದ:

“ನನಗೆಲ್ಲಿ ಬರ್ತದ್ರಿ ಅದೆಲ್ಲಾ? ನಾ ಒಂಬತ್ತನೇ ಇಯತ್ತೆ ಫೇಲ್.”