ಬಲಗಡೆಯ ಅರ್ಧ ಇಂಚು

ಸಿದ್ದೇಶ್ವರಿಗೆ ಹೆಸರಿರಲಿಲ್ಲ. ಕುಲುಮೆಯಿತ್ತು, ಸುತ್ತಿಗೆಯಿತ್ತು, ಬಲಗೈಯಲ್ಲಿ ಮೂರು ಸುಟ್ಟ ಕಲೆಗಳಿದ್ದವು. ಭಾಲ್ಕಿಯ ಸುತ್ತ ಲಾರಿ, ಟ್ರ್ಯಾಲಿಗಳ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ, ಕಮಾನ ಪಾಟಾ, ಮುರಿದರೆ ಜನ ಬರುತ್ತಿದ್ದುದು ಶಿವರಾಜಪ್ಪನ ಅಂಗಡಿಗೆ. ಶಿವರಾಜಪ್ಪನ ಸೊಂಟ ಹಿಡಿದು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಪಾಟಾ ಕಾಯಿಸಿ, ಬಡಿದು, ಬಾಗಿಸುತ್ತಿದ್ದವಳು ಮಗಳು. ಗಿರಾಕಿಗಳು ಅವಳ ಕೆಲಸ ಒಯ್ಯುತ್ತಿದ್ದರು, ಅಪ್ಪನಿಗೆ ಕೈ ಮುಗಿಯುತ್ತಿದ್ದರು.

ಒಂದು ಬುಧವಾರ ಔರಾದದ ಮಚ್ಛೇಂದ್ರ ತನ್ನ ಬಿಳಿ ಹಳೆಯ ಫಿಯಟ್ ತಂದು ನಿಲ್ಲಿಸಿದ. ಔರಾದದಲ್ಲಿ ಅವನದೊಂದು ಬ್ಯಾಟರಿ ಅಂಗಡಿ.

“ಉಸ್ತಾದ್ ಇದ್ದಾರೇನ್ರಿ?”

“ಇದ್ದಾರ. ಏನಾಗ್ಯಾದ?”

“ಅವರಿಗೇ ಹೇಳ್ತೇನ್ರಿ.”

“ಹೇಳ್ರಿ ಮತ್ತ,” ಸುತ್ತಿಗೆ ಕೆಳಗಿಡದೆ ಅಂದಳು.

ಅವನು ಅವಳ ಬೆನ್ನ ಹಿಂದೆ ಹುಡುಕಿದ. ಅಲ್ಲಿ ಗೋಡೆ ಮಾತ್ರ ಇತ್ತು. ಅರ್ಥವಾದಾಗ ಅವನ ಕಿವಿ ಕೆಂಪಾದವು. ಚೆಂದದ ಕಿವಿಗಳು. ಅದನ್ನು ಅವಳು ಗಾಡಿಯ ದೋಷ ಗುರುತಿಸುವಂತೆ ಗುರುತಿಸಿಕೊಂಡಳು.

ವಿಷಯ ಡ್ರ್ಯಾಗ್ ರೇಸಿನದು. ನಾನೂರು ಮೀಟರ್ ನೇರ ದಾರಿ, ಎರಡು ಕಾರು, ಮೊದಲು ಮುಟ್ಟಿದವನು ಗೆದ್ದ. ಎಂಜಿನ್‌ಗೆ ಶಕ್ತಿಯಿತ್ತು. ಆದರೆ ಕ್ಲಚ್ ಬಿಟ್ಟೊಡನೆ ಹಿಂದಿನ ಗಾಲಿಗಳು ಹೋತಮರಿಯಂತೆ ಕುಣಿಯುತ್ತಿದ್ದವು. ಕಾರು ನಿಂತಲ್ಲೇ ಹೊಗೆ ಕಾರುತ್ತಿತ್ತು.

ಅವಳು ಕೆಳಗೆ ಜಾರಿ ನೋಡಿದಳು. “ಇದರಾಗ ಕಬ್ಬ ಹೇರ್ತೀರೇನು?”

“ಯಾಕ್ರಿ?”

“ಮೂರು ಪಾಟಾ ಹೆಚ್ಚಿಗಿ ಅವ.”

“ಗಟ್ಟಿ ಇರ್ಲಿ ಅಂತ ಹಾಕ್ಸೀನ್ರಿ.”

“ನಮ್ ಕಡಿ ಎಲ್ಲಾರೂ ಭಾರದ್ದೇ ವಿಚಾರ ಮಾಡ್ತಾರ. ನಿಮಗ ಬೇಕಾದ್ದು ನೆಲದ ಹಿಡತ.” ಹೊರಬಂದು ಕೈ ಒರೆಸಿಕೊಂಡಳು. “ಕಟ್ಟಿ ಕೊಡ್ತೇನಿ. ಆದ್ರ ಯಾರ್ ಕಟ್ಟ್ಯಾರ ಅಂತ ಯಾರ್ ಕೇಳಿದ್ರೂ ನನ್ನ ಹೆಸರು ಹೇಳ್ಬೇಕು.”

“ಅಷ್ಟೇನಾ?”

“ಅಷ್ಟು ಸಣ್ಣ ಮಾತಾಗಿದ್ರ ಇಷ್ಟ್ ದಿನ ಯಾರರ ಹೇಳ್ತಿದ್ರು.”

ನಾಲ್ಕು ಭಾನುವಾರ ಊರಾಚೆಯ ಖಾಲಿ ಲೇಔಟಿನ ರಸ್ತೆಯಲ್ಲಿ ಕಾರು ಓಡಿತು. ಅವಳು ಬದಿಯಲ್ಲಿ ಕೂತು ಫೋನಿನಲ್ಲಿ ಹಿಂದಿನ ಗಾಲಿಯ ಸ್ಲೋ ಮೋಷನ್ ತೆಗೆಯುತ್ತಿದ್ದಳು. ಎಂಜಿನ್ ಎಳೆದಾಗ ಪಾಟಾ ಹಾವಿನಂತೆ ಡೊಂಕಾಗಿ, ಮರಳಿ ಚಿಮ್ಮಿ, ಗಾಲಿಯನ್ನು ನೆಲ ಬಿಡಿಸುತ್ತಿತ್ತು. ಹೆಚ್ಚಿನ ಪಾಟಾ ತೆಗೆದಳು. ಉಳಿದ ಪಾಟಾದ ಮುಂದಿನ ಅರ್ಧಕ್ಕೆ ಪಟ್ಟಿ ಹಾಕಿ ಬಿಗಿದಳು, ಹಿಂದಿನ ಅರ್ಧ ಸಡಿಲ ಬಿಟ್ಟಳು. ಕುಣಿತ ನಿಂತಿತು.

“ಬರೀ ಟೈರ್ ನೋಡ್ತೀರಿ. ಒಮ್ಮಿ ಓಡಿಸೋರ ಮುಖಾ ನೋಡ್ರಿ,” ಅವನು ಕಿಟಕಿಯಿಂದ ಅಂದ.

“ಮುಖಾ ನೆಲಾ ಬಿಡಂಗಿಲ್ಲ. ಟೈರ್ ಬಿಡ್ತದ.”

“ನಂದೂ ನೆಲಾ ಬಿಟ್ಟಾದ್ರಿ. ನಿಮ್ಮ ವಿಡಿಯೋದಾಗ ಕಾಣಲ್ಲ.”

ಅವಳು ತಲೆಯೆತ್ತಲಿಲ್ಲ. ಆ ವಿಡಿಯೋದಲ್ಲಿ ಮಾತ್ರ ಗಾಲಿ ಅರ್ಧಕ್ಕೆ ತಪ್ಪಿಹೋಗಿ, ಉಳಿದರ್ಧ ಬರೀ ಆಕಾಶ ಬಂದಿತ್ತು.

ರಸ್ತೆಯ ಮೇಲೆ ಟೈರಿನ ಕಪ್ಪು ಗೆರೆ ಒಂದೇ ಬೀಳುತ್ತಿತ್ತು, ಬಲಗಡೆಯದು. ಎಂಜಿನ್ನಿನ ತಿರುವಿಗೆ ಬಲಗಾಲಿ ಹಗುರಾಗಿ ಜಾರುತ್ತದೆಂದು ಅವಳಿಗೆ ಹೊಳೆಯಲು ಎರಡು ವಾರ ಹಿಡಿಯಿತು. ಬಲಕ್ಕೊಂದು ಗಿಡ್ಡ ಪಾಟಾ ಸೇರಿಸಿದಳು. ಗಾಲಿ ನೆಲಕ್ಕೆ ಒತ್ತಿತು; ಆದರೆ ಕಾರು ಬಲಕ್ಕೆ ಅರ್ಧ ಇಂಚು ಎತ್ತರ ನಿಂತಿತು.

ಶಿವರಾಜಪ್ಪ ಕೋಲೂರಿ ಬಂದು, ಓರೆಯಾಗಿ ನಿಂತ ಕಾರು ನೋಡಿದ. “ವಾರಿ ಗಾಡಿ ನಮ್ಮ ಅಂಗಡಿಂದ ಎಂದೂ ಹೊರಗ ಹೋಗಿಲ್ಲ, ಬೇ.”

“ಇದು ನಿಂತಾಗ ವಾರಿ, ಅಪ್ಪಾ. ಓಡಿದಾಗ ಸಮ.”

“ನಿಂತಾಗೇ ಮಂದಿ ನೋಡೋದು.”

“ನೋಡ್ಲಿ. ನಾ ಕಟ್ಟೀನಿ ಅಂತ ಹೇಳ್ತೇನಿ.”

ಮುದುಕ ಬಹಳ ಹೊತ್ತು ಕಾರನ್ನಲ್ಲ, ಮಗಳನ್ನು ನೋಡಿದ.

ರೇಸು ತೆಲಂಗಾಣದ ಗಡಿಯಾಚೆ, ಯಾರದೋ ಖಾಸಗಿ ರನ್‌ವೇ ಮೇಲೆ. ಮಚ್ಛೇಂದ್ರ ಎರಡು ಸುತ್ತು ಗೆದ್ದು ಫೈನಲ್‌ಗೆ ಬಂದ. ಎದುರಾಳಿ ಬೀದರಿನ ಸಾಜಿದ, ಹಳೆಯ ಗೆಳೆಯ. ಅವನು ಫಿಯಟ್‌ನ ಹಿಂದೆ ಕುಕ್ಕರಗಾಲಲ್ಲಿ ಕೂತು ನಕ್ಕ. “ಲೇ, ಒಂದು ಕಡಿ ಎತ್ತರ ಅದಲ್ಲೋ. ಯಾರ್ ಕಟ್ಟ್ಯಾರ?”

ಸುತ್ತ ಹತ್ತು ಹನ್ನೆರಡು ಗಂಡಸರಿದ್ದರು. ಮಚ್ಛೇಂದ್ರ ಅವರನ್ನು ನೋಡಿದ. “ಭಾಲ್ಕಿ ಶಿವರಾಜಪ್ಪನೋರು.”

ನೀರಿನ ಬಾಟಲಿ ಹಿಡಿದು ಬಂದಿದ್ದ ಸಿದ್ದೇಶ್ವರಿ ಕೇಳಿಸಿಕೊಂಡಳು. ಬಾಟಲಿ ಬಾನೆಟ್ ಮೇಲಿಟ್ಟು ಹೊರಟಳು.

ಮಚ್ಛೇಂದ್ರ ಅವಳ ಹಿಂದೆ ಬಂದ. “ನಿಮ್ಮ ಹೆಸರು ಹತ್ತು ಮಂದಿ ಬಾಯಾಗ ಬೀಳೋದು ಬ್ಯಾಡ ಅಂತ...”

“ಬೀಳ್ಲಿ ಅಂತನೇ ಕಟ್ಟೀನ್ರಿ.” ದನಿ ಏರಲಿಲ್ಲ. “ಕೆಲಸ ಮಾಡಕ ನಾ ಬೇಕು. ಹೆಸರು ಹೇಳಕ ನಿಮಗ ಮರ್ಯಾದಿ ಅಡ್ಡ. ಹೋಗ್ರಿ, ಕರೀಲತ್ತಾರ.”

ದೀಪ ಹಸಿರಾಯಿತು. ಫಿಯಟ್ ಕುಣಿಯಲಿಲ್ಲ, ಜಾರಲಿಲ್ಲ; ಹೊರಟಲ್ಲಿ ಎರಡು ಗಿಡ್ಡ ಗೆರೆ ಒತ್ತಿ, ಯಾರೋ ಹಿಂದಿನಿಂದ ಒದ್ದಂತೆ ನೆಗೆಯಿತು. ಸಾಜಿದನಿಗಿಂತ ಒಂದು ಕಾರಿನಷ್ಟು ಮುಂದೆ. ನೂರು ಮೀಟರಿನಾಚೆ ‘ಠಣ್’ ಅಂತು. ಕಾರು ತೆವಳಿ ನಿಂತಿತು. ಸಾಜಿದ ದಾಟಿಹೋದ.

“ವಾರಿ ಕಟ್ಟಿದ್ರ ಹಿಂಗೇ,” ಬೇಲಿಯ ಬಳಿ ಯಾರೋ ಅಂದರು.

ಅವಳು ಓಡಿಹೋಗಿ ಕಾರಿನ ಕೆಳಗೆ ಮಲಗಿದಳು. ಪಾಟಾ ಗಟ್ಟಿಯಿತ್ತು, ಪಟ್ಟಿ ಗಟ್ಟಿಯಿತ್ತು. ಮುರಿದದ್ದು ಗಾಲಿ ತಿರುಗಿಸುವ ಶಾಫ್ಟ್; ಮಚ್ಛೇಂದ್ರನಿಗೆ ಕೂಗಿ ಹೇಳಿದಳು. ಟೈರು ಜಾರಿದ್ದರೆ ಅದು ಉಳಿಯುತ್ತಿತ್ತು. ಜಾರಲಿಲ್ಲ, ಅದಕ್ಕೇ ಮುರಿಯಿತು. ಎಣ್ಣೆಯ ವಾಸನೆಯಲ್ಲಿ ಮಲಗಿ ಅವಳು ಒಬ್ಬಳೇ ನಕ್ಕಳು.

ಅಷ್ಟರಲ್ಲಿ ರೇಸಿನ ಮೈಕಿನಲ್ಲಿ ಮಚ್ಛೇಂದ್ರನ ದನಿ ಕೇಳಿತು. “ಎಲ್ಲಾರೂ ಹೊರಟ ಜಾಗದಾಗ ಟೈರಿನ ಗೆರಿ ನೋಡ್ರಿ. ಎಡಕ್ಕ ಒಂದು, ಬಲಕ್ಕ ಒಂದು, ಎರಡೂ ಸಮ. ಹಿಡತ ಹೆಚ್ಚಾಗಿ ಶಾಫ್ಟ್ ಮುರದದ, ಶಾಫ್ಟ್ ನಂದು. ಹಿಡತ ಭಾಲ್ಕಿ ಸಿದ್ದೇಶ್ವರಿ ಅವರದು. ಇಷ್ಟು ತಡಾ ಮಾಡಿ ಹೇಳಿದ್ದು ನನ್ನ ತಪ್ಪು.”

ಸಾಜಿದ ಗೆರೆಯ ಬಳಿ ಬಗ್ಗಿ ನೋಡಿದ. ನಗಲಿಲ್ಲ; ಫಿಯಟ್ ಬಳಿ ಬಂದ. “ಬೆಹೆನ್, ನನ್ನ ಗಾಡಿನೂ ನೋಡ್ತೀರೇನು?”

“ಭಾಲ್ಕಿಗಿ ತರ್ರಿ,” ಅವಳು ಕಾರಿನ ಕೆಳಗಿನಿಂದಲೇ ಅಂದಳು.

ಮಚ್ಛೇಂದ್ರ ಬಂದು ಪಕ್ಕದಲ್ಲಿ ನೆಲಕ್ಕೆ ಒರಗಿದ. “ಇನ್ನೊಂದು ಮಾತದ.”

“ಹೇಳ್ರಿ.”

“ನೀವು ನನಗ ಬೇಕು. ಗಾಡಿಗಿ ಅಲ್ಲ.”

ಅವಳು ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು, ಗಾಲಿಯನ್ನು ನೋಡುವಷ್ಟೇ ನಿಧಾನವಾಗಿ. “ನಾ ಅಂಗಡಿ ಬಿಡಂಗಿಲ್ಲ.”

“ಬಿಡ್ರಿ ಅಂತ ಯಾರಂದ್ರು? ಔರಾದದಾಗ ಬ್ಯಾಟರಿ ಮಾರೋನು ಭಾಲ್ಕಿದಾಗೂ ಮಾರ್ತಾನ.”

“ಹಂಗಾದ್ರ ಅಪ್ಪನ ಹಂತ್ಯಾಕ ಮಾತಾಡಕ ಬರ್ರಿ. ಮೊದಲ ಈ ಗಾಲಿ ಬಿಚ್ಚಕ ಕೈ ಹಚ್ಚು.”

‘ಹಚ್ಚ್ರಿ’ ಅಲ್ಲ, ‘ಹಚ್ಚು’ ಅಂದಿದ್ದಳು. ಅವನ ಕಿವಿ ಕೆಂಪಾದವು. ಅವಳು ಸ್ಪ್ಯಾನರ್ ಅವನ ಕೈಗಿಟ್ಟಳು.

ಆ ದಿನ ಹೋದದ್ದು ಒಂದು ಶಾಫ್ಟ್, ಒಂದು ಫೈನಲ್, ಎರಡು ಬೋಲ್ಟ್, ಮತ್ತು ಕಾರಿನ ಕೆಳಗೆ ಜಾರಿಬಿದ್ದ ಅವಳ ಎಡಗಿವಿಯ ಒಂದು ಓಲೆ.