ಸವತಿಯ ಸೀಟು

“ಬಸ್ಸಿಗೆ ಹೊತ್ತಾಯ್ತು, ಮಗಳನ್ನ ಕರ್ಕೊಂಡು ಹೊರಡು. ನಾನು ಗಾಡಿ ತಗೊಂಡು ಹಿಂದೆ ಬರ್ತೀನಿ,” ಎಂದು ಗಂಡ ಅಂದಾಗ ಆಕೆ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದಳು. ಹಿಂದೆ ಬರ್ತಾರಂತೆ! ಮನೆ ಮುಂದೆ ಸ್ವಂತ ಕಾರು ನಿಂತಿದೆ. ಕುಂಟುವ ಮಗಳು ಬಸ್ಸಿನ ಕಂಬಿ ಹಿಡಿದು ಜೋತುಬೀಳಬೇಕು. ಅಪ್ಪ ಖಾಲಿ ಕಾರಿನಲ್ಲಿ ಬಸ್ಸಿನ ಹಿಂದೆ ಮೆರವಣಿಗೆ ಹೊರಡಬೇಕು! ಇಂಥ ಸಂಸಾರ ಲೋಕದಲ್ಲಿ ಇನ್ನೊಂದಿದ್ದರೆ ತೋರಿಸಲಿ ಯಾರಾದರೂ... ಆದರೆ ಜಗಳವಾಡಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಎಂಟು ತಿಂಗಳಿಂದ ಇದೇ ಹಾಡು.

ಅದು ಇಟಲಿಯ ಕಾರು. ದೂರದ ಊರುಗಳಿಗೆ ಸುಖವಾಗಿ ಓಡಾಡಲೆಂದೇ ಮಾಡಿದ್ದು. ಎರಡೇ ಬಾಗಿಲು, ಉದ್ದ ಮೂತಿ, ಹಿಂದೆ ಇಬ್ಬರು ಮುದುಡಿ ಕೂರುವಷ್ಟು ಜಾಗ. ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರು ಓಡಿದೆ. ಅಷ್ಟನ್ನೂ ಓಡಿಸಿದವನು ಇವಳ ಗಂಡನೇ. ಅವನ ಯಜಮಾನರಿಗೆ ಗಾಡಿಯ ಹುಚ್ಚು, ಆದರೆ ಸ್ಟೇರಿಂಗ್ ಮುಟ್ಟಲು ಕೈನಡುಕ! ಹೀಗಾಗಿ ಇಪ್ಪತ್ತಾರು ವರ್ಷ ಈತ ಆ ಕಾರಿನ ಡ್ರೈವರಾಗಿ ಊರೂರು ಸುತ್ತಿದ. ಹಬ್ಬವಿರಲಿ ಹುಣ್ಣಿಮೆಯಿರಲಿ, ಗಂಡ ಮನೆಯಲ್ಲಿದ್ದದ್ದು ಅಷ್ಟಕ್ಕಷ್ಟೇ. ಅವಳು ಆ ಕಾರಿಗೆ ಇಟ್ಟ ಹೆಸರು ಸವತಿ. ಯಜಮಾನರು ತೀರಿಕೊಂಡು, ಅವರ ಮಕ್ಕಳು ಅದನ್ನು ಗುಜರಿಗೆ ಹಾಕಲು ಹೊರಟಾಗ, ಸೋರುವ ಮಾಳಿಗೆಗೆಂದು ಇಟ್ಟಿದ್ದ ಗಂಟನ್ನು ಸುರಿದು ಈ ಪುಣ್ಯಾತ್ಮ ಸವತಿಯನ್ನು ಮನೆಗೇ ಕರೆತಂದ!

“ಅಮ್ಮಾ, ಈ ಗಾಡಿ ಕೊಳ್ಳೋದು ಸುಲಭ, ಸಾಕೋದು ಆನೆ ಸಾಕಿದ ಹಾಗೆ,” ಎಂದಿದ್ದ ಮೆಕ್ಯಾನಿಕ್. ಅವನ ಬಾಯಿಗೆ ಸಕ್ಕರೆ ಹಾಕಬೇಕು. ಎಂಜಿನ್ನಿನ ಒಂದು ರಬ್ಬರ್ ಪಟ್ಟಿ ಬದಲಿಸಲು ಅರ್ಧ ಕಾರನ್ನೇ ಬಿಚ್ಚಬೇಕಾಯಿತು. ಆ ಪಟ್ಟಿ ಹೊರದೇಶದಿಂದ ಬರಲು ಎರಡು ತಿಂಗಳು. ಕಿಟಕಿಯ ಗಾಜು ಒಮ್ಮೆ ಇಳಿದರೆ ಮೇಲೇರುವುದು ಅದರ ಮರ್ಜಿ. ಮಳೆ ಹೊಡೆದ ಒಂದು ದಿನ, ಮನೆಯೊಳಗೆ ಸೋರುವಲ್ಲೆಲ್ಲ ಪಾತ್ರೆ ಇಟ್ಟು ಬಂದು ನೋಡುತ್ತಾಳೆ, ಗಂಡ ಹೊರಗೆ ತಾನು ತೊಯ್ಯುತ್ತ ಕಾರಿಗೆ ಛತ್ರಿ ಹಿಡಿದು ನಿಂತಿದ್ದಾನೆ! ನಗಬೇಕೋ ಅಳಬೇಕೋ ತಿಳಿಯದೆ ಬಾಗಿಲು ಹಾಕಿಕೊಂಡಿದ್ದಳು.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಸೀಟು. ಕೆಲಸಕ್ಕೆ ಸೇರಿದ ದಿನವೇ ಯಜಮಾನರು, ‘ನಿನ್ನ ಮನೆಯವರು ಯಾರೂ ಇದರಲ್ಲಿ ಕೂರಕೂಡದು’ ಎಂದಿದ್ದರು. ಈತನೋ, ತಾನು ಕೂರುವ ಸೀಟಿಗೂ ಬಿಳಿ ಟವೆಲ್ ಹಾಸಿಯೇ ಕೂತವನು. ಆ ಚರ್ಮಕ್ಕೆ ಅವನ ಬೆವರೂ ತಾಗಿರಲಿಲ್ಲ. ಈಗ ಯಜಮಾನರಿಲ್ಲ, ಕಾಗದಪತ್ರದಲ್ಲಿ ಈತನದೇ ಹೆಸರು. ಆದರೂ ಟವೆಲ್ ಹೋಗಲಿಲ್ಲ, ಮನೆಯವರಿಗೆ ಬಾಗಿಲು ತೆರೆಯಲಿಲ್ಲ. ಮಗಳನ್ನು ಆರು ತಿಂಗಳಿಗೊಮ್ಮೆ ಕಾಲಿಗೆ ಕಟ್ಟುವ ಆಸರೆಪಟ್ಟಿಯ ಅಳತೆಗೆಂದು ಆಸ್ಪತ್ರೆಗೆ ಕರೆದೊಯ್ಯಬೇಕು. ಕಾರು ಬಂದ ಮೇಲೂ ಬಸ್ಸೇ ಗತಿ!

ಆ ಕಾಲು... ಅದನ್ನು ಅವಳು ಹೇಗೆ ಮರೆಯಲಿ? ಮಗಳಿಗೆ ಆಗ ನಾಲ್ಕು ವರ್ಷ. ಕಬ್ಬಿಣದ ಗೇಟು ಕಳಚಿ ಕೂಸಿನ ಕಾಲ ಮೇಲೆ ಬಿತ್ತು. ರಕ್ತ ಸುರಿಯುತ್ತಿದ್ದ ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದರೆ, ದೇವರೇ ಕಳಿಸಿದಂತೆ ಗಂಡ ಅದೇ ಕಾರಿನೊಂದಿಗೆ ಎದುರಿಗೇ ನಿಂತಿದ್ದ. ಯಜಮಾನರನ್ನು ಕರೆತರಲು ಹೊರಟಿದ್ದ. ಅವನು ಮಗುವನ್ನು ನೋಡಿದ, ಸೀಟನ್ನು ನೋಡಿದ. “ಬಸ್ ಬಂತು, ಹತ್ತು,” ಎಂದ. ಅಷ್ಟೇ! ಆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಆಸ್ಪತ್ರೆ ಮುಟ್ಟುವಾಗ ಎರಡು ಗಂಟೆ ಕಳೆದಿತ್ತು. ಸ್ವಲ್ಪ ಮುಂಚೆ ಬಂದಿದ್ದರೆ ಕಾಲು ನೆಟ್ಟಗಾಗುತ್ತಿತ್ತು ಎಂದರು ಡಾಕ್ಟರು. ಅವಳು ಅಂದಿನಿಂದ ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು. ‘ತಪ್ಪಾಯ್ತು’ ಎಂಬ ಮಾತು ಆ ಬಾಯಿಂದ ಬರಲೇ ಇಲ್ಲ.

ಪುಸ್ತಕ ಕಟ್ಟುವ ಪ್ರೆಸ್ಸಿನಲ್ಲಿ ದುಡಿಯುವ ಮಗಳು ಇವತ್ತು ಆಸ್ಪತ್ರೆಗೆಂದು ರಜೆ ಹಾಕಿದ್ದಳು. ಹೊರಬಂದವಳು ಬಸ್ ಸ್ಟಾಪಿನ ಕಡೆ ತಿರುಗಲಿಲ್ಲ. ಕಾಲೆಳೆಯುತ್ತ ನೇರ ಕಾರಿನ ಹತ್ತಿರ ಹೋಗಿ ನಿಂತಳು.

“ಅಪ್ಪಾ, ಬಾಗಿಲು ತೆಗಿ.”

“ಬೇಡಮ್ಮ... ಗಾಡಿ ಸರಿಯಿಲ್ಲ. ದಾರೀಲಿ ನಿಂತ್ರೆ?”

“ನಿಂತ್ರೆ ನಿಲ್ಲಲಿ. ಅವತ್ತು ಕೂರಿಸಿದ್ರೆ ನಿನ್ನ ಕೆಲಸ ಹೋಗ್ತಿತ್ತು, ಒಪ್ಕೋತೀನಿ. ಇವತ್ತು ಯಾರ ಕೆಲಸ ಹೋಗುತ್ತಪ್ಪಾ?”

ಅವನು ಕಾರಿನ ಮೂತಿಯ ಧೂಳು ಒರೆಸತೊಡಗಿದ. ತಾಯಿಗೆ ಇನ್ನು ತಡೆಯಲಾಗಲಿಲ್ಲ.

“ಕಲ್ಲಿನ ಹತ್ರ ಏನ್ ಕೇಳ್ತೀಯ ಮಗಳೇ, ಬಾ! ನಿಮ್ಮಪ್ಪಂಗೆ ಆ ಸೀಟೇ ಹೆಂಡ್ತಿ, ಆ ಸೀಟೇ ಮಗಳು. ನಾವು ಬಸ್ಸಿಗೆ ಹುಟ್ಟಿದೋರು!”

“ಹಾಗನ್ನಬೇಡ್ವೇ...” ಅವನ ದನಿ ಒಡೆಯಿತು. “ಇವಳನ್ನ ಒಂದ್ಸಲ ಕೂರಿಸಬೇಕು ಅಂತ್ಲೇ ಈ ಹಾಳು ಗಾಡಿ ತಂದೆ ಕಣೇ! ದಿನಾ ಹೋಗಿ ಬಾಗಿಲಿಗೆ ಕೈ ಹಾಕ್ತೀನಿ. ಹಾಕಿದ ತಕ್ಷಣ ನೀನು ಮಗೂನ ಎತ್ಕೊಂಡು ನಿಂತಿದ್ಯಲ್ಲ... ಅದೇ ಕಣ್ಮುಂದೆ ಬರುತ್ತೆ. ಕೈ ಬಿದ್ದೇ ಹೋಗುತ್ತೆ. ಯಾವ ಮುಖ ಇಟ್ಕೊಂಡು ಕೂರು ಅನ್ನಲಿ? ತಪ್ಪಾಯ್ತು... ನಂದು ತಪ್ಪಾಯ್ತು ಕಣ್ರೇ!”

ಅರವತ್ತು ದಾಟಿದ ಗಂಡಸು ಕಾರಿನ ಚಾವಣಿಗೆ ಹಣೆ ಒತ್ತಿ ಮಗುವಿನಂತೆ ಬಿಕ್ಕಿದ. ಇಷ್ಟು ವರ್ಷ ಕಾದ ಮಾತು ಬಂದೇ ಬಿಟ್ಟಿತ್ತು. ಆದರೆ ಅವಳಿಗೆ ಗೆದ್ದ ಹಿಗ್ಗು ಬರಲಿಲ್ಲ. ಹೊತ್ತು ಹೊತ್ತು ಮರಗಟ್ಟಿದ ತೋಳಿಂದ ಯಾರೋ ಭಾರ ಇಳಿಸಿಕೊಂಡ ಹಾಗೆ ಆಯಾಸವಷ್ಟೇ ಆಯಿತು. ಅವಳೇ ಹೋಗಿ ಬಾಗಿಲು ತೆರೆದಳು. ಮಂಡಿ ಹಿಡಿದುಕೊಂಡು, ಶಪಿಸಿಕೊಂಡು, ಹಿಂದಿನ ಇಕ್ಕಟ್ಟಿನಲ್ಲಿ ತೂರಿ ಕೂತಳು. ಮಗಳು ಮುಂದೆ ಕೂತಳು. ಅವನು ತನ್ನ ಸೀಟಿನ ಟವೆಲನ್ನು ಎಳೆದು, ನಾಲ್ಕು ಮಡಿಕೆ ಮಾಡಿ, ಬಗ್ಗಿ ಮಗಳ ಸೊಟ್ಟ ಕಾಲಿನ ಕೆಳಗೆ ಇಟ್ಟ. ಆಮೇಲೆ ಬರಿಯ ಚರ್ಮದ ಮೇಲೆ ತಾನೂ ಕೂತ.

ಎಂಜಿನ್ನು ಕೆಮ್ಮಿ ಹತ್ತಿಕೊಂಡಿತು. ಸವತಿ ಓಡುತ್ತಿದ್ದುದು ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಬಾಯಿ ಬಿಟ್ಟು ಹೇಳುವಷ್ಟು ಔದಾರ್ಯ ಅವಳಿಗಿನ್ನೂ ಬಂದಿರಲಿಲ್ಲ. ಆದರೆ ಅರ್ಧ ದಾರಿಯಲ್ಲಿ ಮೂತಿಯಿಂದ ಹೊಗೆಯೆದ್ದು ಕಾರು ರಸ್ತೆಯಂಚಿಗೆ ನಿಂತೇ ಬಿಟ್ಟಿತು. “ಕಾದುಬಿಟ್ಟಿದೆ. ಅರ್ಧ ಗಂಟೆ ತಣಿಯಬೇಕು,” ಎಂದ ಅವನು ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಹಿಂದಿನಿಂದ ಮಗಳು ದಿನಾ ಪ್ರೆಸ್ಸಿಗೆ ಹೋಗುವ ಅದೇ ಬಸ್ಸು ಬಂತು, ಪಕ್ಕದಲ್ಲೇ ನಿಂತಿತು. ವರ್ಷಗಳಿಂದ ಮುಖ ಪರಿಚಯವಿದ್ದ ಕಂಡಕ್ಟರು ಬಗ್ಗಿ ಕೂಗಿದ: “ಏನಮ್ಮಾ, ಇವತ್ತು ಸ್ಟಾಪಲ್ಲಿ ಕಾಣಲಿಲ್ಲ! ಬನ್ನಿ, ಸೀಟಿದೆ!”

ಗಂಡ ತಲೆ ತಗ್ಗಿಸಿದ. “ಹೊತ್ತಾಗುತ್ತೆ... ಬಸ್ ಬಂತು, ಹತ್ತಿ,” ಎಂದ.

ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತೇನೋ, ಮುಖ ಬಿಳಿಚಿಕೊಂಡಿತು. ಅವಳು ಹಿಂದಿನಿಂದ ಅವನ ಹೆಗಲ ಮೇಲೆ ಕೈಯಿಟ್ಟಳು. ಮೇಲೇರದ ಕಿಟಕಿಯತ್ತ ಬಗ್ಗಿ ಹೇಳಿದಳು:

“ನೀವು ಹೊರಡಿ ಕಂಡಕ್ಟರೇ. ನಮ್ಮ ಗಾಡಿ ಇದೆ.”

ಬಸ್ಸು ಹೋಯಿತು. ಮಗಳು ಕಣ್ಣು ಮುಚ್ಚಿ ಸೀಟಿಗೆ ಒರಗಿದಳು. ತಣಿಯಲು ಇನ್ನೂ ಅರ್ಧ ಗಂಟೆ ಬೇಕಿತ್ತು. ಇಪ್ಪತ್ತನಾಲ್ಕು ವರ್ಷ ಕಾದವಳಿಗೆ ಅದೇನು ಮಹಾ...