ಒಂದೇ ಆದ ಇಬ್ಬರು ಜಯಶೀಲೆಯರು

೨೦೪೬ರ ಫೆಬ್ರವರಿಯ ಒಂದು ಬುಧವಾರ, ಬೆಳಗಿನ ಹನ್ನೊಂದೂ ಹತ್ತಕ್ಕೆ, ಮೈಸೂರಿನ ಹೊರವಲಯದ ಒಂದು ತಣ್ಣನೆಯ ಕಟ್ಟಡದಲ್ಲಿ ‘ಬೆಸುಗೆ’ ಎಂಬ ಯಂತ್ರ ತನ್ನ ಕೆಲಸ ಮಾಡಿತು. ಕೆಲಸವೆಂದರೆ ಇಷ್ಟೇ: ಒಬ್ಬ ಮನುಷ್ಯನ ಬಗ್ಗೆ ನೂರಾರು ಕಡೆ ಚೆಲ್ಲಾಡಿರುವ ಕರೆಂಟು ಬಿಲ್ಲು, ಚೀಟಿ ಕಂತು, ಫ್ರಿಜ್ಜಿನ ಸಾಲ, ಬಾಡಿಗೆ ಕರಾರುಗಳನ್ನೆಲ್ಲ ಹುಡುಕಿ, ಇವು ಒಬ್ಬರದೇ ಎಂದು ತೀರ್ಮಾನಿಸಿ ಒಂದೇ ಪಟ್ಟಿಗೆ ಅಂಟಿಸುವುದು. ಬೆರಳಚ್ಚು, ಮುಖಚಹರೆಗಳನ್ನು ಸಾಲ ಕೊಡುವವರ ಕೈಗೆ ಒಪ್ಪಿಸಬಾರದೆಂದು ಕಾನೂನು ಬಂದು ಹತ್ತು ವರ್ಷವಾಗಿತ್ತು. ಹಾಗಾಗಿ ಬೆಸುಗೆ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಹುಟ್ಟಿದ ದಿನ, ಜೊತೆಗೆ ದುಡ್ಡು ಕಟ್ಟುವ ಅಭ್ಯಾಸ, ಇಷ್ಟರಿಂದಲೇ ಮನುಷ್ಯರನ್ನು ಗುರುತು ಹಿಡಿಯುತ್ತಿತ್ತು. ಆ ಒಂದು ಸೆಕೆಂಡಿನಲ್ಲಿ ಅದು ನಾಲ್ಕು ಸಾವಿರ ಜನರನ್ನು ಸರಿಯಾಗಿ ಜೋಡಿಸಿತು. ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಕ್ಯಾಂಟೀನು ನಡೆಸುತ್ತಿದ್ದ ಜಯಶೀಲಮ್ಮನನ್ನೂ ಜೋಡಿಸಿತು.

ಆಕೆ ಆಗ ಉದ್ದಿನ ವಡೆ ಎಣ್ಣೆಗೆ ಬಿಡುತ್ತಿದ್ದಳು. ಫೋನು ಬಂತು.

“ಜಯಶೀಲಾ ಅವರೇ, ನಮಸ್ಕಾರ. ತಿಂಡಿ ಆಯಿತೇ? ನಿಮ್ಮ ಹಿಟ್ಟಿನ ಗಿರಣಿಯ ಸಾಲದಲ್ಲಿ ಒಂಬತ್ತು ಲಕ್ಷದ ನಲವತ್ತು ಸಾವಿರ ಬಾಕಿ ಇದೆ.”

ಹೊಸ ಅಳಿಯ ಅತ್ತೆಯ ಹತ್ತಿರ ಮಾತಾಡಿದ ಹಾಗಿತ್ತು ಆ ದನಿ. ವಸೂಲಿಗೆ ಬಂದವರು ಹೆದರಿಸಬಾರದು, ಬೈಯಬಾರದು ಎಂದೂ ಕಾನೂನಾಗಿತ್ತಲ್ಲ, ಅದಕ್ಕೇ ಈಗ ಯಂತ್ರಗಳು ದಿನಕ್ಕೆ ಮೂರು ಹೊತ್ತು ವಿನಯದಿಂದ ಪ್ರಾಣ ತಿನ್ನುತ್ತಿದ್ದವು.

“ಯಾವ ಗಿರಣಿ ಕಣಪ್ಪ? ನಂದು ಕ್ಯಾಂಟೀನು!”

“ಅರ್ಥವಾಯಿತು. ಕ್ಯಾಂಟೀನೂ ನಿಮ್ಮದೇ, ಗಿರಣಿಯೂ ನಿಮ್ಮದೇ.” ಆಮೇಲೆ ಅದು ಒಂದೇ ಉಸಿರಿನಲ್ಲಿ, ಪಟ್ಟಿಯನ್ನು ಉಚಿತವಾಗಿ ನೋಡುವ, ತಪ್ಪಿದ್ದರೆ ತಕರಾರು ಕೊಡುವ, ಮೂವತ್ತು ದಿನದಲ್ಲಿ ಉತ್ತರ ಪಡೆಯುವ ಹಕ್ಕು ನಿಮಗಿದೆ ಎಂದು ಗಡಗಡ ಓದಿ ಫೋನು ಇಟ್ಟುಬಿಟ್ಟಿತು.

ಬೇರೆ ದಿನವಾಗಿದ್ದರೆ ಜಯಶೀಲಮ್ಮ ನಕ್ಕು ಸುಮ್ಮನಾಗುತ್ತಿದ್ದಳೇನೋ. ಆದರೆ ಹನ್ನೆರಡು ದಿನದಲ್ಲಿ ಕ್ಯಾಂಟೀನಿನ ಟೆಂಡರು ಇತ್ತು. ಹತ್ತು ವರ್ಷದಿಂದ ಬಾಕಿಯೇ ಇಲ್ಲದ ಚೊಕ್ಕ ಪಟ್ಟಿ ಇದ್ದವರಿಗಷ್ಟೇ ಅರ್ಜಿ. ಹತ್ತೊಂಬತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತವಳಿಗೆ ಬೇರೆ ಬದುಕೇ ಗೊತ್ತಿರಲಿಲ್ಲ. ಭಯವಾಯಿತು. ಮಧ್ಯಾಹ್ನ ಮನೆಗೆ ಹೋಗಿ ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ಕೆಳಗೆ ಸುರಿದು, ತಾನು ಯಾವತ್ತೂ ಕಂಡಿರದ ಗಿರಣಿಯ ಕಾಗದಕ್ಕಾಗಿ ಹುಡುಕಿದಳು. ಯಂತ್ರ ಅಷ್ಟು ಖಚಿತವಾಗಿ ಹೇಳಬೇಕಾದರೆ ತಾನೇ ಎಲ್ಲೋ ಸಹಿ ಹಾಕಿ ಮರೆತಿರಬಹುದೇ ಎಂಬ ಅನುಮಾನ ಅವಳಿಗೇ ಹತ್ತಿತು.

ತಕರಾರು ಕೊಟ್ಟಳು. ಅರ್ಧ ಸೆಕೆಂಡಿನಲ್ಲಿ ಉತ್ತರ ಬಂತು: ಪರಿಶೀಲಿಸಲಾಗಿದೆ, ಸರಿಯಾಗಿದೆ.

“ಯಾರು ನೋಡಿದ್ದು?” ಎಂದು ಫೋನಿಗೇ ಕೇಳಿದಳು.

“ಬೆಸುಗೆ.”

“ಪಟ್ಟಿ ಬರೆದಿದ್ದು?”

“ಅದೂ ಬೆಸುಗೆ.”

ಕೊನೆಗೆ ಪಟ್ಟಿಯನ್ನೇ ತರಿಸಿಕೊಂಡು, ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದಳು. ಹುಟ್ಟಿದ ಊರು ಕಾಳಮ್ಮನಹುಂಡಿ. ತಂದೆ ಸಿದ್ದೇಗೌಡ. ಹುಟ್ಟಿದ್ದು ೧೯೮೫ರ ಜೂನ್ ಒಂದು. ಗಿರಣಿ ಇರುವುದು ಹುಣಸೂರಿನಲ್ಲಿ. ಹುಣಸೂರು ಎಂದು ಓದಿದ್ದೇ ತಡ, “ಅಯ್ಯೋ, ಇವಳು ಹುಣಸೂರು ಸೇರಿದ ನಮ್ಮ ಚಿಕ್ಕ ಜಯಶೀಲ!” ಎಂದಳು.

ಆ ಕಾಲದಲ್ಲಿ ಕಾಳಮ್ಮನಹುಂಡಿಯಂಥ ಸಣ್ಣ ಹಳ್ಳಿಯ ಮಕ್ಕಳ ಹುಟ್ಟಿದ ದಿನ ಯಾರಿಗೆ ನೆನಪಿರುತ್ತಿತ್ತು? ಶಾಲೆಗೆ ಸೇರಿಸಲು ಹೋದರೆ ಹೆಡ್‌ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ವಯಸ್ಸು ತುಂಬಿದೆ ಎಂದರ್ಥ. ಶಾಲೆ ಶುರುವಾಗುವ ಹೊತ್ತಿಗೆ ಲೆಕ್ಕ ಸರಿಹೋಗಲಿ ಎಂದು ಎಲ್ಲರಿಗೂ ಜೂನ್ ಒಂದನ್ನೇ ಬರೆದುಬಿಡುತ್ತಿದ್ದರು. ಆ ವರ್ಷ ಕಿವಿ ಮುಟ್ಟಿದವರಲ್ಲಿ ಜಯಶೀಲೆಯರು ಇಬ್ಬರು, ಇಬ್ಬರ ಅಪ್ಪಂದಿರೂ ಸಿದ್ದೇಗೌಡರು. ಎತ್ತರದವಳು ದೊಡ್ಡ ಜಯಶೀಲ, ಕುಳ್ಳಿ ಚಿಕ್ಕ ಜಯಶೀಲ. ಊರಿಗೆ ಅಷ್ಟು ಸಾಕಾಗಿತ್ತು.

ಚಿಕ್ಕ ಜಯಶೀಲ ಫೋನಿನಲ್ಲಿ ಒಂದಿಷ್ಟೂ ಮುಚ್ಚಿಡಲಿಲ್ಲ. “ಸಾಲ ನಂದೇ ಕಣೇ. ನಿಂಗ್ಯಾಕೆ ಬಂತು? ನಡಿ, ನಾನೇ ಬಂದು ಹೇಳ್ತೀನಿ.”

ಮಾರನೆಯ ದಿನ ಇಬ್ಬರೂ ಮೈಸೂರಿನ ಆ ಕಟ್ಟಡಕ್ಕೆ ಹೋದರು. ಬಾಗಿಲಲ್ಲೇ ತೊಡಕು. ಟೋಕನ್ ಯಂತ್ರ ದೊಡ್ಡವಳಿಗೆ ಚೀಟಿ ಕೊಟ್ಟಿತು. ಚಿಕ್ಕವಳು ಹೆಸರು ಹೇಳಿದರೆ, ನೀವು ಆಗಲೇ ಒಳಗಿದ್ದೀರಿ ಎಂದಿತು.

“ನಾನು ಇಲ್ಲೇ ನಿಂತಿದೀನಲ್ಲಪ್ಪ!”

“ದಯವಿಟ್ಟು ಒಳಗೆ ಕುಳಿತುಕೊಳ್ಳಿ” ಎಂದಿತು ಅದು, ಬಾಗಿಲು ಮಾತ್ರ ತೆಗೆಯದೆ.

ದೊಡ್ಡವಳ ಹಿಂದೆಯೇ ಚಿಕ್ಕವಳೂ ನುಸುಳಿ, ಹೇಳಿಕೆ ಪಡೆಯುವ ಯಂತ್ರದ ಮುಂದೆ ಬಾಗಿ ಜೋರಾಗಿ ಹೇಳಿದಳು: “ಗಿರಣಿ ಸಾಲ ನಾನು ತಗೊಂಡಿದ್ದು. ಕಾಳಮ್ಮನಹುಂಡಿ ಜಯಶೀಲ.”

ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಜಯಶೀಲಾ ಅವರು ಸಾಲವನ್ನು ಒಪ್ಪಿಕೊಂಡಿದ್ದಾರೆ. ತಕರಾರು ಮುಕ್ತಾಯ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಜ ಹೇಳಲು ಬಂದು ತಾವೇ ಗಂಟನ್ನು ಬಿಗಿ ಮಾಡಿಕೊಂಡೆವೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕವಳು ಅಳತೊಡಗಿದಳು. ದೊಡ್ಡವಳು ಕೂಗಾಡಿದಳು. ಆ ಕಟ್ಟಡದಲ್ಲಿ ಮನುಷ್ಯರ ಗಲಾಟೆ ಕೇಳಿ ಎಷ್ಟೋ ವರ್ಷವಾಗಿತ್ತೋ ಏನೋ, ಒಳಗಿನಿಂದ ಬೆಸುಗೆಯ ಜನಕ ಡಾ. ಪ್ರಮಥ ಹೊಳ್ಳರೇ ಎದ್ದು ಬಂದರು. ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

“ಹೆಸರು, ದಿನಾಂಕ ಇಷ್ಟರಿಂದಲೇ ನಾವು ಜೋಡಿಸುವುದಿಲ್ಲ ಅಮ್ಮ. ಅಭ್ಯಾಸವೂ ಹೊಂದಬೇಕು. ನಿಮ್ಮಿಬ್ಬರದೂ ವಿಶೇಷವಾದ ಅಭ್ಯಾಸ. ಮೂವತ್ತು ವರ್ಷದಲ್ಲಿ ಒಂದೇ ಒಂದು ಮಂಗಳವಾರವೂ ಶುಕ್ರವಾರವೂ ನೀವು ಹಣ ಕಟ್ಟಿಲ್ಲ.”

“ಮಂಗಳವಾರ ಶುಕ್ರವಾರ ಮನೆ ಲಕ್ಷ್ಮೀನ ಯಾರು ಸಾರ್ ಆಚೆ ಕಳಿಸ್ತಾರೆ?” ಎಂದಳು ಜಯಶೀಲಮ್ಮ. “ನಮ್ಮ ಬೀದೀಲಿ ಯಾರೂ ಕೊಡಲ್ಲ.”

ಪುಣೆಯಲ್ಲಿ ಬೆಳೆದು, ಹೊರದೇಶದಲ್ಲಿ ಓದಿ ಬಂದ ಹೊಳ್ಳರಿಗೆ ಇದನ್ನು ಯಾರೂ ಹೇಳಿರಲಿಲ್ಲ, ಯಂತ್ರಕ್ಕಂತೂ ಹೇಳುವವರೇ ಇರಲಿಲ್ಲ.

“ಬಿಡಿಸಬಹುದು” ಎಂದರು ಕೊನೆಗೆ. “ಆದರೆ ಯಾವ ಕಂತು ಯಾರು ಕಟ್ಟಿದ್ದು ಎಂಬುದು ಈಗ ಕಲಸಿಹೋಗಿದೆ. ಬಿಡಿಸಿದರೆ ನೀವಿಬ್ಬರೂ ಹೊಸಬರಾಗುತ್ತೀರಿ. ಪಟ್ಟಿ ಖಾಲಿ.”

“ಖಾಲಿ ಪಟ್ಟಿಗೆ ಟೆಂಡರು ಕೊಡ್ತಾರಾ?”

“ಇಲ್ಲ. ಅವಳು ನೀವಲ್ಲ ಎಂದು ತೋರಿಸುವ ಹಳೆಯ ಕಾಗದ ಏನಾದರೂ ನಿಮ್ಮ ಹತ್ತಿರ...”

“ನಾನ್ಯಾಕೆ ಸಾರ್ ತೋರಿಸ್ಬೇಕು?” ಎಂದಳು ಜಯಶೀಲಮ್ಮ. “ಸಾಲ ನಂದಲ್ಲ ಅಂತ ನಾನ್ಯಾಕೆ ತೋರಿಸ್ಲಿ? ನಂದೇ ಅಂತ ಕೇಳ್ತಿರೋರು ನೀವು. ನೀವು ತೋರ್ಸಿ. ನನ್ನ ಸಹಿ ಎಲ್ಲಿದೆ?”

ಹೊಳ್ಳರು ಹುಡುಕಿಸಿದರು. ಸಾಲ ಕೊಟ್ಟ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಮಾರಿತ್ತು, ಆ ಸಂಸ್ಥೆ ಮತ್ತೊಂದಕ್ಕೆ. ಸಹಿಯ ಕಾಗದ ಯಾರಲ್ಲಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಾನೂನಿನ ಪ್ರಕಾರ ಕಾಗದ ತೋರಿಸದಿದ್ದರೆ ಪಟ್ಟಿಯಿಂದ ಆ ಸಾಲನ್ನು ಅಳಿಸಲೇಬೇಕು. ತೋರಿಸಲು ಮಾತ್ರ ಅದೇ ಕಾನೂನು ಆ ಸಂಸ್ಥೆಗಳಿಗೆ ಮೂವತ್ತು ದಿನ ಕೊಟ್ಟಿತ್ತು. ಟೆಂಡರಿಗೆ ಉಳಿದಿದ್ದು ಹನ್ನೊಂದು.

ಹೊಳ್ಳರು ತಮ್ಮ ಕೈಯಾರೆ ಒಂದು ಪತ್ರ ಬರೆದುಕೊಟ್ಟರು: ಇದು ನನ್ನ ಯಂತ್ರದ ತಪ್ಪು, ಈ ಹೆಂಗಸಿನದಲ್ಲ. ಟೆಂಡರಿನ ಅಧಿಕಾರಿ ಅದನ್ನು ಎರಡು ಸಲ ಓದಿ, ಮರುಕದಿಂದಲೇ ಮರಳಿ ಕೊಟ್ಟರು. ಅರ್ಜಿಯಲ್ಲಿ ಪತ್ರ ಸೇರಿಸುವ ಜಾಗವಿರಲಿಲ್ಲ. ಕ್ಯಾಂಟೀನು ಬೇರೆಯವರ ಪಾಲಾಯಿತು.

ಮೂವತ್ತನೆಯ ದಿನ ಗಿರಣಿಯ ಸಾಲು ಅವಳ ಪಟ್ಟಿಯಿಂದ ಅಳಿಸಿಹೋಯಿತು. ಆಗಿರುವ ತೊಂದರೆಗೆ ವಿಷಾದಿಸುತ್ತೇವೆ ಎಂಬ ಸಂದೇಶವೂ ಬಂತು. ಅವಳು ಆಗ ಪಾತ್ರೆಗಳನ್ನು ಆಟೋಗೆ ಹೇರಿಸುತ್ತಿದ್ದಳು. ಹೊಳ್ಳರ ಫೋನು ಬಂತು.

“ಈಗ ಎಲ್ಲ ಸರಿಯಾಯಿತು ಅಮ್ಮ.”

“ಹತ್ತೊಂಬತ್ತು ವರ್ಷದ ಒಲೆ ಹೋಯ್ತಲ್ಲ ಸಾರ್, ಅದನ್ನ ಯಾರ ಪಟ್ಟೀಲಿ ಬರೀತೀರ?”

ಹೊಳ್ಳರು ಅಂದರು: “ನೀವು ಹೋದ ಮೇಲೆ ನನ್ನ ಪಟ್ಟಿಯನ್ನು ತೆಗೆದು ನೋಡಿದೆ. ಜೀವನದಲ್ಲಿ ಮೊದಲ ಸಲ. ಅದರಲ್ಲಿ ನನ್ನದಲ್ಲದ ಎರಡು ಸಾಲ ಇವೆ. ಎರಡೂ ಒಂದು ಕಂತೂ ತಪ್ಪದೆ ತೀರಿವೆ. ಅದರಿಂದ ನನಗೆ ಒಳ್ಳೆಯ ಹೆಸರೇ ಬಂದಿದೆ.”

“ತಕರಾರು ಕೊಟ್ರಾ?”

“ಇನ್ನೂ ಇಲ್ಲ.”

ಆಟೋದವನು ಹೊರಡೋಣವೇ ಎಂದು ಸನ್ನೆ ಮಾಡಿದ. ಜಯಶೀಲಮ್ಮ ಇಡ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

“ತೀರ್ಸಿದೋರು ಯಾರೋ, ಪಾಪ, ಅವರ ಪಟ್ಟಿ ಖಾಲಿ” ಎಂದಳು. “ಅವರ ಟೆಂಡರು ಯಾವತ್ತಿದೆಯೋ ಸಾರ್.”